ಟೀವಿಯಲ್ಲಿ ಬದುಕಿದ್ದ ನಮ್ಮಣ್ಣ

ಗವರ್ನರ್ ಥ್ರೇಲ್ ಅಮೆರಿಕದ ನಮ್ಮ ಅಯೋವಾ ರಾಜ್ಯಕ್ಕೆ ಬಂದಿಳಿದ ದಿನವೇ, ತನ್ನನ್ನು ಅಧ್ಯಕ್ಷ ಚುನಾವಣೆಗೆ ನಿಲ್ಲು ಎಂದವನು ಸಾಕ್ಷಾತ್ ದೇವರೇ ಎಂದು ಸಾರಿದ. ದಕ್ಷಿಣದ ಒಂದು ರಾಜ್ಯವನ್ನು ಎರಡು ಅವಧಿ ಆಳಿ, ಅಲ್ಲಿನ ಶಾಲೆಗಳನ್ನು ಹಾಳುಗೆಡವಿ ಬಂದ ಮನುಷ್ಯ. ಆ ವರ್ಷ ದೇವರು ಕಿವಿಯಲ್ಲಿ ಉಸುರಿದ್ದು ಇವನೊಬ್ಬನಿಗೇ ಅಲ್ಲ. ಒಬ್ಬ ಸೆನೆಟರನಿಗೂ, ಟ್ರಾಕ್ಟರ್ ಮಾರಿ ಸಿರಿವಂತನಾದ ಇನ್ನೊಬ್ಬನಿಗೂ ಅದೇ ಮಾತು ಹೇಳಿದ್ದನಂತೆ.

"ಮೂರು ಕುದುರೆ ಮೇಲೂ ದುಡ್ಡು ಕಟ್ಟೋನು ಜೂಜುಕೋರ ಕಣೇ ಹೆನ್ನಿ, ದೇವರಲ್ಲ" ಎಂದು ನಮ್ಮಣ್ಣ ನಕ್ಕ. ನಗುವಾಗ ಹೊಟ್ಟೆ ಹಿಡಿದುಕೊಂಡ. ಕ್ಯಾನ್ಸರ್ ಇದ್ದದ್ದು ಅಲ್ಲಿಯೇ.

ನಮ್ಮಣ್ಣನ ಹೆಸರು ಗೆರಿಟ್ ವಾನ್ ರೂಕೆಲ್. ಹಂದಿ ಸಾಕಿ, ಜೋಳ ಬೆಳೆದು, ವಯಸ್ಸಾದ ಮೇಲೆ ಎಲ್ಲ ಮಗನಿಗೆ ಒಪ್ಪಿಸಿ ಊರೊಳಗೆ ಮನೆ ಮಾಡಿದ್ದ. ಚರ್ಚಿನ ಹಿರಿಯರಲ್ಲಿ ಒಬ್ಬ. ನಾಸ್ತಿಕನಲ್ಲ, ನಾಸ್ತಿಕರೆಂದರೆ ಅವನಿಗೆ ಬೇಸರವೇ. ಆದರೆ ವೇದಿಕೆ ಹತ್ತಿ ದೇವರ ಹೆಸರೆತ್ತುವವರನ್ನು ಕಂಡರೆ ಮೈ ಉರಿಯುತ್ತಿತ್ತು.

"ಪ್ರಾರ್ಥನೆ ಹೇಗೆ ಮಾಡ್ಬೇಕು ಅಂತ ಹಾಲೆಂಡಿನ ರಾಜ ಹೇಳಿಕೊಡೋಕೆ ಬಂದ. ಅದಕ್ಕೇ ತಾನೇ ನಮ್ಮ ಮುತ್ತಾತ ಹಡಗು ಹತ್ತಿದ್ದು? ಈಗ ನೋಡು, ಅಂಥ ರಾಜನ್ನ ನಾವೇ ಹುಡುಕಿಕೊಂಡು ಹೋಗಿ ಓಟು ಹಾಕ್ತೀವಿ. ಹಡಗಿನ ಖರ್ಚೇ ದಂಡ."

ಇಂಥ ಮಾತನ್ನು ಅವನು ಆಡುತ್ತಿದ್ದದ್ದು ತಂಗಿಯಾದ ನನ್ನೆದುರು ಮಾತ್ರ. ಹೆಂಡತಿಯ ಎದುರು ಆಡುತ್ತಿರಲಿಲ್ಲ. ಅತ್ತಿಗೆ ಆರ್ಲಿಸ್ ಬೇರೆಯದೇ ಸ್ವಭಾವದ ಹೆಂಗಸು. ಚರ್ಚಿನಲ್ಲಿ ಯಾರು ಏನು ಹೇಳಿದರೂ ನಂಬುವವಳು, ನಾಲ್ಕು ಜನರ ಮುಂದೆ ಬಾಯಿ ಬಿಡಬೇಕೆಂದರೆ ಕೆಂಪಾಗುವವಳು. ಡಾಕ್ಟರು ಕೈಚೆಲ್ಲಿದ ಮೇಲೆ ಅವಳಿಗೆ ಉಳಿದದ್ದು ಪ್ರಾರ್ಥನೆಯೊಂದೇ.

ಇದನ್ನು ಚೆನ್ನಾಗಿ ಬಲ್ಲವರು ನಮ್ಮ ಪಾಸ್ಟರ್ ಡ್ವೇನ್ ಹೂಕ್‌ಸ್ಟ್ರಾ. ಗವರ್ನರ್ ಕೈಕುಲುಕಿದ ದಿನದಿಂದ ಅವರ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಥ್ರೇಲ್ ಗೆದ್ದರೆ ವಾಷಿಂಗ್ಟನ್ನಿನ ಯಾವುದೋ ಧಾರ್ಮಿಕ ಮಂಡಳಿಯಲ್ಲಿ ಕುರ್ಚಿ ಸಿಗುತ್ತದೆಂದು ಊರೆಲ್ಲ ಗುಸುಗುಸು. ಒಂದು ಮಧ್ಯಾಹ್ನ ಅವರು ಅಣ್ಣನ ಮನೆಗೆ ಬಂದು ಅತ್ತಿಗೆಯ ಕೈ ಹಿಡಿದುಕೊಂಡರು.

"ಆರ್ಲಿಸ್, ಗವರ್ನರ್ ಸಾಹೇಬರು ಗುರುವಾರ ಈ ಕಡೆ ಬರ್ತಾರೆ. ಗೆರಿಟ್ ತಲೆ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡ್ತೀನಿ ಅಂದಿದ್ದಾರೆ. ಅವರ ಪ್ರಾರ್ಥನೆಯಲ್ಲಿ ಶಕ್ತಿ ಇದೆಯಮ್ಮ."

ಅತ್ತಿಗೆ ಅಣ್ಣನ ಮುಖ ನೋಡಿದಳು. ಅಣ್ಣ ಒಂದು ಗಳಿಗೆ ಕಿಟಕಿಯಾಚೆ ಕಣ್ಣು ನೆಟ್ಟು, "ಬರ್ಲಿ ಬಿಡಿ" ಎಂದ. ಪಾಸ್ಟರ್ ಹೋದ ಮೇಲೆ ನನ್ನ ಕಡೆ ತಿರುಗಿ, "ನನ್ನ ಹಣೇಲಿ ಬರೆದಿದ್ದನ್ನ ಗವರ್ನರ್ ತಿದ್ದೋಕೆ ಬರ್ತಿದಾನೆ. ಯಾವ ರಬ್ಬರ್ ತರ್ತಾನೋ ನೋಡೋಣ" ಎಂದು ಕಣ್ಣು ಮಿಟುಕಿಸಿದ.

ಗುರುವಾರ ಅತ್ತಿಗೆ ಬೆಳಗಿನಿಂದಲೇ ಮನೆ ಉಜ್ಜಿ, ಬಾದಾಮಿ ತುಂಬಿದ ಡಚ್ ಪೇಸ್ಟ್ರಿ ಬೇಯಿಸಿಟ್ಟಿದ್ದಳು. ಗವರ್ನರ್‌ಗಿಂತ ಮೊದಲು ಬಂದದ್ದು ಕ್ಯಾಮೆರಾ, ಅದರ ಹಿಂದೆ ದೀಪಗಳು, ಅವುಗಳ ಹಿಂದೆ ಕೈಯಲ್ಲಿ ಫೋನ್ ಹಿಡಿದ ಒಬ್ಬ ಹೆಂಗಸು. ಅವಳು ಬಂದವಳೇ ಗೋಡೆಯ ಮೇಲಿದ್ದ ಮೊಮ್ಮಕ್ಕಳ ಫೋಟೋ ತೆಗೆಸಿ, ಹಿತ್ತಲ ಕೋಣೆಯಲ್ಲಿದ್ದ ಶಿಲುಬೆಯನ್ನು ಅಲ್ಲಿ ತೂಗುಹಾಕಿಸಿದಳು. ಕೊನೆಗೆ ಥ್ರೇಲ್ ಬಂದ. ಬೆಲೆಚೀಟಿ ಆಗತಾನೇ ಕಿತ್ತಂತಿದ್ದ ರೈತರ ಬೂಟು, ಬೀಜದ ಕಂಪನಿಯ ಟೋಪಿ. ಸೆಗಣಿಯ ಕಲೆ ಕಾಣದ ಅಂಥ ಬೂಟನ್ನು ಆ ಮನೆಯ ಹೊಸ್ತಿಲು ಹಿಂದೆಂದೂ ಕಂಡಿರಲಿಲ್ಲ.

ಅಣ್ಣನ ಮುಂದೆ ಮೊಣಕಾಲೂರಿ, ಕಣ್ಣು ಮುಚ್ಚಿ, ನಡುಗುವ ದನಿಯಲ್ಲಿ ಶುರುಮಾಡಿದ. "ತಂದೆಯೇ, ನಿನ್ನ ಈ ಮಗ ಗ್ಯಾರಿಯನ್ನ ನೋಡು. ಗ್ಯಾರಿಯ ನೋವನ್ನ ತೆಗೆದುಹಾಕು. ಈ ದೇಶವನ್ನೂ ಗ್ಯಾರಿಯನ್ನೂ ಒಟ್ಟಿಗೇ ವಾಸಿಮಾಡು!"

ಗೆರಿಟ್ ಎಂದು ತಿದ್ದುತ್ತಾರೇನೋ ಎಂದು ನಾನು ಪಾಸ್ಟರ್ ಕಡೆ ನೋಡಿದೆ. ಅವರು ಬಿಗಿಯಾಗಿ ಕಣ್ಣು ಮುಚ್ಚಿಕೊಂಡಿದ್ದರು. ಅತ್ತಿಗೆಯ ಕೆನ್ನೆಯ ಮೇಲೆ ಮಾತ್ರ ನಿಜವಾದ ನೀರು ಹರಿಯುತ್ತಿತ್ತು.

"ಆಮೆನ್" ಆಗುತ್ತಲೇ ಫೋನ್ ಹೆಂಗಸು, "ಮುಖದ ಮೇಲೆ ನೆರಳು ಬಿತ್ತು ಸಾರ್, ಇನ್ನೊಂದ್ಸಲ" ಎಂದಳು.

ಗವರ್ನರ್ ಎದ್ದು, ಮೊಣಕಾಲು ಕೊಡವಿಕೊಂಡು, ಮತ್ತೆ ಕೂತ. ಅದೇ ನಡುಕ, ಅದೇ ಜಾಗದಲ್ಲಿ ಗದ್ಗದ.

"ಯಾಕೆ ಸ್ವಾಮಿ, ಮೊದಲನೇ ಸಲ ದೇವರಿಗೆ ಕೇಳಿಸಲಿಲ್ವಾ?" ಎಂದ ಅಣ್ಣ.

ಮೂರನೆಯ ಸಲಕ್ಕೆ ಬೆಳಕು ಸರಿಹೋಯಿತು. ಥ್ರೇಲ್ ಅಣ್ಣನ ಭುಜ ತಟ್ಟಿ, ಪೇಸ್ಟ್ರಿಯ ತಟ್ಟೆಯನ್ನು ದೂರದಿಂದಲೇ ಹೊಗಳಿ ಹೊರಟುಹೋದ. ಒಂದು ಚೂರೂ ಮುರಿಯಲಿಲ್ಲ.

"ಪೆಟ್ರೋಲ್ ಬಂಕಿನ ಗ್ಯಾರಿಗೆ ಹಿಮ್ಮಡಿ ನೋವು ಅಂತಿದ್ರಲ್ಲ" ಎಂದ ಅಣ್ಣ. "ನಾಳೆ ಹೋಗಿ ವಿಚಾರಿಸು ಹೆನ್ನಿ. ಕುಣೀತಾ ಇರ್ತಾನೆ."

"ಸಾಕು ಸುಮ್ನಿರ್ರೀ" ಎಂದು ಅತ್ತಿಗೆ ಗದರಿದಳು. ಅವಳಿಗೂ ಅಳುವಿನ ನಡುವೆ ನಗು ಬಂದುಬಿಟ್ಟಿತು. ಅವರಿಬ್ಬರೂ ಒಟ್ಟಿಗೆ ನಕ್ಕದ್ದನ್ನು ನಾನು ನೋಡಿದ್ದು ಅದೇ ಕೊನೆ.

ಕ್ರಿಸ್‌ಮಸ್‌ಗೆ ಮೊದಲೇ ಅಣ್ಣ ತೀರಿಕೊಂಡ. ಹೆಪ್ಪುಗಟ್ಟಿದ ನೆಲವನ್ನು ಯಂತ್ರದಿಂದ ಅಗೆಸಿ ಮಣ್ಣು ಮಾಡಿದೆವು. ಚರ್ಚಿನ ನೆಲಮಾಳಿಗೆಯಲ್ಲಿ ಬಂದವರಿಗೆಲ್ಲ ಹಂದಿಮಾಂಸವಿಟ್ಟ ಹ್ಯಾಮ್ ಬನ್ನು, ಕಾಫಿ. ಊರಿಗೆ ಊರೇ ಬಂದಿತ್ತು. ಗವರ್ನರ್ ಕಡೆಯಿಂದ ಒಂದು ಹೂವಿನ ಎಸಳೂ ಬರಲಿಲ್ಲ.

ಹೊಸ ವರ್ಷದ ಮಾರನೆಯ ದಿನ ನಾನೂ ಅತ್ತಿಗೆಯೂ ಸೂಪು ಕುಡಿಯುತ್ತ ಹವಾಮಾನದ ವರದಿಗೆ ಕಾಯುತ್ತಿದ್ದೆವು. ಟೀವಿಯಲ್ಲಿ ಅಣ್ಣ ಬಂದ. ಅವನದೇ ಕುರ್ಚಿ, ಅವನದೇ ಅಂಗಿ, ತಲೆಯ ಮೇಲೆ ಥ್ರೇಲ್‌ನ ಕೈ. ಹಿನ್ನೆಲೆಯಲ್ಲಿ ಗಂಭೀರ ದನಿಯೊಂದು ಹೇಳಿತು: "ಡಾಕ್ಟರುಗಳು ಕೈಬಿಟ್ಟರು. ಹೋಲಿಸ್ ಥ್ರೇಲ್ ಕೈಬಿಡಲಿಲ್ಲ. ಇವತ್ತು ಈ ರೈತ ತನ್ನ ಮನೆಯಲ್ಲಿ, ತನ್ನ ಹೆಂಡತಿಯ ಜೊತೆ ಕುಳಿತು ಊಟ ಮಾಡುತ್ತಿದ್ದಾನೆ. ಪ್ರಾರ್ಥಿಸಬಲ್ಲ ಅಧ್ಯಕ್ಷ ಬೇಕೆ?"

ಅತ್ತಿಗೆಯ ಚಮಚ ಬಟ್ಟಲಿನ ಮೇಲೇ ನಿಂತಿತು. "ಹೆನ್ನಿ, ಅವರಿಗೆ ಗೊತ್ತಾಗಿಲ್ಲ ಅನ್ಸುತ್ತೆ" ಎಂದಳು.

ಗೊತ್ತಾಗಿತ್ತು. ಮರುದಿನ ಅವಳು ಪ್ರಚಾರ ಕಚೇರಿಗೆ ಫೋನ್ ಮಾಡಿದಾಗ ಒಬ್ಬಾತ ಬಹಳ ನಯವಾಗಿ ಸಂತಾಪ ಹೇಳಿದ. ಜಾಹೀರಾತಿನ ಸಮಯವನ್ನೆಲ್ಲ ಕಾಕಸ್‌ವರೆಗೆ ಕೊಂಡಾಗಿದೆ, ಈಗ ಬದಲಿಸಲಾಗದು, ನಿಮ್ಮ ಯಜಮಾನರ ಸಾಕ್ಷಿಯಿಂದ ಎಷ್ಟೋ ಕುಟುಂಬಗಳಿಗೆ ಆಶೀರ್ವಾದ ಸಿಗುತ್ತಿದೆ, ಎಂದ. ಕಾಕಸ್ ಎಂದರೆ ಪಕ್ಷದ ಅಭ್ಯರ್ಥಿ ಯಾರಾಗಬೇಕೆಂದು ನಾವು ಊರೂರಲ್ಲಿ ಸೇರಿ ಮೊದಲು ಓಟು ಹಾಕುವ ಸಭೆ. ಅದಕ್ಕಿನ್ನೂ ಎರಡು ವಾರವಿತ್ತು. ಆ ಎರಡು ವಾರವೂ ಇಡೀ ರಾಜ್ಯಕ್ಕೆ ನಮ್ಮಣ್ಣ ಬದುಕಿದ್ದ. ನಮ್ಮೂರಿಗೆ ಮಾತ್ರ ಸತ್ತಿದ್ದ. ಸತ್ತದ್ದು ಗೊತ್ತಿದ್ದವರೂ, ಹ್ಯಾಮ್ ಬನ್ನು ತಿಂದು ಹೋದವರೂ, "ಹೋಗ್ಲಿ ಬಿಡು, ಒಳ್ಳೇ ಕೆಲಸಕ್ಕೆ ತಾನೇ" ಎನ್ನುತ್ತಿದ್ದರು. ಹೆಣದ ಕೈಲಿ ಓಟು ಬೇಡಿಸುವುದೂ ಒಳ್ಳೆಯ ಕೆಲಸದ ಪಟ್ಟಿಗೆ ಸೇರಿದ್ದು ನನಗೆ ಗೊತ್ತಿರಲಿಲ್ಲ.

ಅತ್ತಿಗೆ ಅಷ್ಟಕ್ಕೇ ಸುಮ್ಮನಾಗುತ್ತಿದ್ದಳೋ ಏನೋ. ಆದರೆ ಒಂದು ಸಂಜೆ ನಾನು ಅಲ್ಲಿದ್ದಾಗಲೇ ಫೋನ್ ಬಂತು. ರಾಜ್ಯದ ಆ ತುದಿಯ ಹೊಳೆದಂಡೆಯ ಊರಿನಿಂದ ಲೊರೇನ್ ಎಂಬ ಹೆಂಗಸು. ನಮ್ಮ ಪಾಸ್ಟರ್ ಬೇರೆ ಊರುಗಳ ಗೆಳೆಯರಿಗೆಲ್ಲ ಅಣ್ಣನ ಕತೆ ಹೇಳಿಕೊಂಡು ಬಂದಿದ್ದರು, ಹಾಗೆ ಬಾಯಿಂದ ಬಾಯಿಗೆ ಹೆಸರು ಸಿಕ್ಕಿತ್ತಂತೆ.

"ನಿಮ್ಮ ಯಜಮಾನರ ಹತ್ರ ಎರಡು ಮಾತಾಡಬಹುದಾ ಅಮ್ಮ?" ಎಂದಳು ಲೊರೇನ್. ಅತ್ತಿಗೆಯ ಫೋನಿನಲ್ಲಿ ದನಿ ನನಗೂ ಕೇಳುತ್ತಿತ್ತು. "ನಮ್ಮೋರಿಗೂ ಅದೇ ಕ್ಯಾನ್ಸರು. ಟೀವಿ ನೋಡಿದ್ಮೇಲೆ ಆಸ್ಪತ್ರೆಗೆ ಹೋಗಲ್ಲ ಅಂತ ಕೂತಿದಾರೆ. ಗವರ್ನರ್ ನಮ್ಮ ಚರ್ಚಿಗೆ ಬರ್ತಾರಂತೆ, ಅಲ್ಲೀವರೆಗೆ ಔಷಧಿ ಬೇಡ್ವಂತೆ. ನಿಮ್ಮೋರು ಔಷಧಿ ಬಿಟ್ರಾ? ಅದನ್ನ ಅವರ ಬಾಯಿಂದ ಕೇಳ್ಬೇಕಿತ್ತು."

ಅತ್ತಿಗೆ ಗೋಡೆಗೆ ಒರಗಿದಳು. "ನಮ್ಮೋರು ಹೋಗಿಬಿಟ್ರು ಲೊರೇನ್. ಕ್ರಿಸ್‌ಮಸ್‌ಗೆ ಮುಂಚೆನೇ."

"ಟೀವೀಲಿ..." ಎಂದಳು ಲೊರೇನ್.

"ಟೀವೀಲಿ ಸುಳ್ಳು. ನಿಮ್ಮ ಯಜಮಾನ್ರನ್ನ ಕಾರಲ್ಲಿ ಕೂರಿಸಿ ಆಸ್ಪತ್ರೆಗೆ ಕರ್ಕೊಂಡು ಹೋಗಿ. ಬೈದ್ರೆ ಬೈಯ್ಲಿ. ನಾಳೆನೇ ಹೋಗಿ."

ಫೋನ್ ಇಟ್ಟವಳೇ ಅತ್ತಿಗೆ ಕೋಟು ಹಾಕಿಕೊಂಡಳು. ನಾನೂ ಹಿಂದೆಯೇ ಹೋದೆ. ಪಾಸ್ಟರ್ ತಮ್ಮ ಕೋಣೆಯಲ್ಲಿ ಭಾನುವಾರದ ಉಪದೇಶ ಬರೆಯುತ್ತಿದ್ದರು. ಅತ್ತಿಗೆ ಲೊರೇನಳ ವಿಷಯ ಹೇಳಿದಳು. ಜಾಹೀರಾತು ನಿಲ್ಲಿಸಿ ಎಂದು ನೀವು ಒಂದು ಮಾತು ಹೇಳಿ, ಎಂದಳು.

"ನಾನು ಸುಳ್ಳು ಹೇಳಿಲ್ಲ ಆರ್ಲಿಸ್" ಎಂದರು ಪಾಸ್ಟರ್. ಸುಳ್ಳು ಹೇಳಿದಿರಿ ಎಂದು ಅವಳು ಅಂದೇ ಇರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರು. "ನೋಡಮ್ಮ, ಸ್ವಲ್ಪ ಆಳವಾಗಿ ಯೋಚನೆ ಮಾಡಿದ್ರೆ ಗೆರಿಟ್ ವಾಸಿ ಆಗಿದಾನೆ. ಸ್ವರ್ಗದಲ್ಲಿ ನೋವಿಲ್ಲ, ಕಾಯಿಲೆಯಿಲ್ಲ. ಅದಕ್ಕಿಂತ ದೊಡ್ಡ ಗುಣ ಯಾವುದಿದೆ?"

ಅತ್ತಿಗೆ ಅವರನ್ನೇ ನೋಡುತ್ತ ನಿಂತಳು. ಅಷ್ಟು ವರ್ಷ ಆ ಮನುಷ್ಯನ ಬಾಯಿಂದ ಬಂದದ್ದನ್ನೆಲ್ಲ ನಂಬಿದ ಹೆಂಗಸು. "ಹಾಗಿದ್ರೆ ಊಟ ಮಾಡ್ತಿದಾರೆ ಅಂತ ಯಾಕೆ ಹೇಳಿಸಿದ್ರಿ?" ಎಂದು ಕೇಳಿದಳು. ಉತ್ತರಕ್ಕೆ ಕಾಯಲಿಲ್ಲ.

ಕಾಕಸ್ ದಿನ ಸಂಜೆ ಶಾಲೆಯ ಆಟದ ಹಾಲ್ ತುಂಬಿತ್ತು. ಒಬ್ಬೊಬ್ಬ ಅಭ್ಯರ್ಥಿಯ ಪರವಾಗಿ ಒಬ್ಬೊಬ್ಬರು ಮಾತಾಡಿ, ಆಮೇಲೆ ಚೀಟಿ ಹಾಕುವುದು ಪದ್ಧತಿ. ಥ್ರೇಲ್ ಪರವಾಗಿ ಪಾಸ್ಟರ್ ಎದ್ದರು. ವಿಶ್ವಾಸ, ಕುಟುಂಬ, ಗರ್ಭದ ಶಿಶು, ಗಡಿಯ ಗೋಡೆ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೊಸೆದರು. ಈ ದೇಶದ ಕಾನೂನು ದೇವರ ವಾಕ್ಯಕ್ಕೆ ತಲೆಬಾಗುವ ಕಾಲ ಬಂದಿದೆ ಎಂದರು. ಚಪ್ಪಾಳೆ ಬಿತ್ತು. ಅಣ್ಣನ ಹೆಸರನ್ನು ಮಾತ್ರ ಎತ್ತಲಿಲ್ಲ. ಅಷ್ಟು ಬುದ್ಧಿ ಇತ್ತು.

ಆಮೇಲೆ ಸಭೆ ನಡೆಸುತ್ತಿದ್ದವನು, "ಇನ್ಯಾರಾದ್ರೂ?" ಎಂದ. ನನ್ನ ಪಕ್ಕದ ಕುರ್ಚಿ ಕಿರುಗುಟ್ಟಿತು. ನೋಡಿದರೆ ಅತ್ತಿಗೆ ಮುಂದಕ್ಕೆ ನಡೆಯುತ್ತಿದ್ದಳು. ಕುತ್ತಿಗೆಯಿಂದ ಹಣೆಯವರೆಗೆ ಕೆಂಪು.

"ಯಾರ ಪರವಾಗಿ ಮಾತಾಡ್ತೀರಿ ಆರ್ಲಿಸಕ್ಕ?" ಎಂದು ಆತ ಕೇಳಿದ.

"ನಮ್ಮ ಯಜಮಾನ್ರ ಪರವಾಗಿ. ಅವರಿಗೆ ಬರೋಕೆ ಆಗಲ್ಲ."

ಅವಳು ಸಭೆಯ ಕಡೆ ತಿರುಗಿದಳು.

"ಅವರನ್ನ ಹೂತಿಟ್ಟಾಗ ನೀವೆಲ್ಲ ಇದ್ರಿ. ವೆರ್ಲಿನ್, ನೀನು ಪೆಟ್ಟಿಗೆಗೆ ಹೆಗಲು ಕೊಟ್ಟೆ. ಟೀವೀಲಿ ನೋಡಿದ್ರೆ ಅವರು ನನ್ನ ಜೊತೆ ಕೂತು ಊಟ ಮಾಡ್ತಿದಾರಂತೆ. ನಾನು ದಿನಾ ಒಬ್ಬಳೇ ಉಣ್ತೀನಿ. ಆ ಮನುಷ್ಯ ನಮ್ಮನೆಗೆ ಬಂದು ಅವರ ಹೆಸರೂ ಸರಿಯಾಗಿ ಹೇಳದೆ ಮೂರು ಸಲ ಪ್ರಾರ್ಥನೆ ಮಾಡಿದ. ಬೆಳಕು ಸರಿ ಇರ್ಲಿಲ್ಲ ಅಂತ ಮೂರು ಸಲ. ನಾನು ಮೂರು ಸಲಾನೂ ಆಮೆನ್ ಅಂದೆ. ಅದನ್ನ ನಂಬಿ ಎಲ್ಲೋ ಒಬ್ಬರು ಔಷಧಿ ಬಿಟ್ಟು ಕೂತಿದಾರೆ. ನೀವು ಯಾರಿಗಾದ್ರೂ ಓಟು ಹಾಕ್ಕೊಳ್ಳಿ. ದೇವರು ಹೇಳಿ ಹಾಕಿಸಿದ ಅಂತ ಮಾತ್ರ ಅನ್ನಬೇಡಿ."

ಅಷ್ಟು ಹೇಳಿ ಬಂದು ಕೂತಳು. ಕೈ ಮಂಜಿನಂತಿತ್ತು. ನಾನು ಹಿಡಿದುಕೊಂಡೆ. ಎಷ್ಟೋ ಹೆಂಗಸರು ಕಣ್ಣೊರೆಸಿಕೊಂಡರು. ವೆರ್ಲಿನ್ ತಲೆ ತಗ್ಗಿಸಿ ಕೂತಿದ್ದ. ಆಮೇಲೆ ಚೀಟಿ ಹಾಕಿದರು, ಎಣಿಸಿದರು. ನಮ್ಮ ಹಾಲಿನಲ್ಲಿ ಅರ್ಧಕ್ಕಿಂತ ಹೆಚ್ಚು ಚೀಟಿ ಥ್ರೇಲ್‌ಗೇ ಬಿದ್ದಿದ್ದವು.

ಹೊರಡುವಾಗ ಅದೇ ಕಣ್ಣೊರೆಸಿಕೊಂಡ ಹೆಂಗಸರು ಸಾಲಾಗಿ ಬಂದು ಅತ್ತಿಗೆಯನ್ನು ತಬ್ಬಿಕೊಂಡರು. "ತುಂಬಾ ಚೆನ್ನಾಗಿ ಮಾತಾಡಿದೆ ಕಣೇ, ಎಂಥ ಧೈರ್ಯ!" ಎಂದರು. ಅವರ ಕೋಟಿನ ಮೇಲೆ ಥ್ರೇಲ್ ಹೆಸರಿನ ಬಿಲ್ಲೆ ಹೊಳೆಯುತ್ತಿತ್ತು. ನಮ್ಮ ಜನಕ್ಕೆ ಕರುಣೆಗೇನೂ ಕೊರತೆಯಿಲ್ಲ. ಅದು ಚೀಟಿಯವರೆಗೆ ಹೋಗುವುದಿಲ್ಲ, ಅಷ್ಟೇ.

ಆ ಸಲ ಇಡೀ ಅಯೋವಾದಲ್ಲಿ ಥ್ರೇಲ್ ಮೊದಲಿಗನಾದ. ಆದರೆ ಸಭೆಯಲ್ಲಿದ್ದ ರೇಡಿಯೋದವನೊಬ್ಬ ಅತ್ತಿಗೆಯ ಮಾತನ್ನು ಧ್ವನಿಮುದ್ರಿಸಿಕೊಂಡಿದ್ದ. ಮುಂದಿನ ರಾಜ್ಯಗಳಲ್ಲಿ ಥ್ರೇಲ್ ಹೋದಲ್ಲೆಲ್ಲ ಅದೇ ಪ್ರಶ್ನೆ ಎದ್ದಿತು. ಸಿಬ್ಬಂದಿಯ ಕಣ್ತಪ್ಪಿನಿಂದ ಹಾಗಾಯಿತು, ಗ್ಯಾರಿಯ ಕುಟುಂಬದ ದುಃಖದಲ್ಲಿ ನಾನೂ ಭಾಗಿ, ಎಂದು ಹೇಳಿಕೆ ಕೊಟ್ಟ. ಒಂದೊಂದೇ ರಾಜ್ಯದಲ್ಲಿ ಸೋತು, ಹಣ ಕೊಡುವವರು ಹಿಂದೆ ಸರಿದ ವಾರವೇ, ಸ್ಪರ್ಧೆಯಿಂದ ಹೊರಬಾ ಎಂದು ದೇವರು ಹೇಳಿದನೆಂದ. ದೇವರೂ ಪಾಪ, ದಾನಿಗಳ ಮುಖ ನೋಡಿಯೇ ಮಾತು ಬದಲಿಸುತ್ತಾನೆ.

ಲೊರೇನ್ ವಸಂತದಲ್ಲಿ ಮತ್ತೆ ಫೋನ್ ಮಾಡಿದಳು. ಗಂಡ ಬೈದುಕೊಂಡೇ ಆಸ್ಪತ್ರೆಗೆ ಹೋದನಂತೆ. ಗುಣವಾಗುವ ಕಾಯಿಲೆಯಲ್ಲ. ಆದರೂ ತೋಟದಲ್ಲಿ ಆಲೂಗಡ್ಡೆ ನೆಡುವಷ್ಟು ಚೇತರಿಸಿಕೊಂಡಿದ್ದಾನಂತೆ.

ವಾಷಿಂಗ್ಟನ್ನಿನ ಕುರ್ಚಿ ಕೈತಪ್ಪಿದ ಪಾಸ್ಟರ್ ನಮ್ಮೂರ ಪಾಸ್ಟರಾಗಿಯೇ ಉಳಿದರು. ಯಾರೂ ಅವರನ್ನು ಏನೂ ಕೇಳಲಿಲ್ಲ. ಹಿಮ ಕರಗಿದ ಮೇಲೆ ಒಂದು ದಿನ ಹೆಂಡತಿ ಮಾಡಿಕೊಟ್ಟ ಕೋಳಿ ಅನ್ನದ ಪಾತ್ರೆ ಹಿಡಿದು ಅತ್ತಿಗೆಯ ಬಾಗಿಲಿಗೆ ಬಂದರು. ಅವಳು ಒಳಗೆ ಕರೆದು ಕೂರಿಸಿ, ಕಾಫಿ ಕೊಟ್ಟಳು. ಅವರು ಹವೆಯ ಮಾತಾಡಿದರು, ಜೋಳದ ಬೆಲೆಯ ಮಾತಾಡಿದರು, ಚರ್ಚಿನ ಮಾಡು ಸೋರುವ ಮಾತಾಡಿದರು. ಕೊನೆಗೆ, "ಆರ್ಲಿಸ್, ಒಂದು ಪ್ರಾರ್ಥನೆ ಮಾಡೋಣ್ವಾ?" ಎಂದು ಕೈ ಚಾಚಿದರು.

ಅತ್ತಿಗೆ ಅವರ ಲೋಟವನ್ನು ಅವರ ಕಡೆಗೆ ಸರಿಸಿದಳು.

"ಕಾಫಿ ಆರಿಹೋಗುತ್ತೆ, ಕುಡೀರಿ" ಎಂದಳು.