ಕೊಳದ ಮೀನಿನ ಊಟ

ಚಿನ್ನದ ಗಣಿಯ ಅತಿಥಿಗೃಹದಲ್ಲಿ ಅಡುಗೆಯವಳಿಗೆ ಕೆಲಸ ಕೊಡಿಸಿದ್ದು ಅವಳ ಭಾವ. ಅಕ್ಕನ ಗಂಡ, ಗಣಿಯ ಮ್ಯಾನೇಜರು. ಆ ಉಪಕಾರವನ್ನು ಅಕ್ಕ ಮರೆಯಗೊಡುತ್ತಿರಲಿಲ್ಲ. ಹಾಗಾಗಿ ಭಾವ ಏನೇ ಹೇಳಿದರೂ ಇವಳು ತಲೆಯಾಡಿಸುತ್ತಿದ್ದಳು.

ಆ ವಾರ ಪರೀಕ್ಷಕರು ಬರುವವರಿದ್ದರು. ನೆಲ, ನೀರು ಕೆಡಿಸದೆ, ಆಳುಗಳ ರಕ್ತ ಹೀರದೆ ತೆಗೆದ ಚಿನ್ನ ಇದು ಎಂದು ಅವರು ಮುದ್ರೆ ಒತ್ತಿದರೆ ದೊಡ್ಡ ದೊಡ್ಡ ಒಡವೆ ಅಂಗಡಿಗಳು ಇದಕ್ಕೇ ಮುಗಿಬೀಳುತ್ತವಂತೆ. ಭಾವ ಗೇಟಿಗೆ ಹಸಿರು ಬಣ್ಣ ಬಳಿಸಿದ, ಆಳುಗಳಿಗೆ ಹೊಸ ಕೈಗವಸು ಹಂಚಿದ. ಉಳಿದದ್ದು ಕೊಳ. ಅದಿರು ತೊಳೆದ ವಿಷದ ನೀರೆಲ್ಲ ಬಂದು ನಿಲ್ಲುತ್ತಿದ್ದುದು ಅಲ್ಲೇ. ಬೂದಿ ಬಣ್ಣದ ರಾಡಿ, ಮೇಲೆ ಕೀವಿನಂಥ ನೊರೆ. ನೊರೆಯನ್ನು ಬಾಚಿಸಿ, ದಂಡೆಗೆ ಬೇರೆಡೆಯಿಂದ ಹುಲ್ಲಿನ ಹೆಂಟೆ ತಂದು ಹಾಸಿಸಿದ.

ಪರೀಕ್ಷಕರು ಬರುವ ದಿನ ಬೆಳಿಗ್ಗೆ ಮಾರುಕಟ್ಟೆಯಿಂದ ಎರಡು ಡ್ರಮ್ಮಿನಲ್ಲಿ ಜೀವಂತ ಮೀನು ಬಂತು. ಒಂದನ್ನು ಕೊಳಕ್ಕೆ ಸುರಿದರು. ಇನ್ನೊಂದು ಅಡುಗೆಮನೆಗೆ ಬಂತು.

"ಇವೂ ಕೊಳದ್ದೇ ಅಂತ ಹೇಳ್ತೀನಿ," ಎಂದ ಭಾವ. "ನೀನು ಸುಮ್ನೆ ಬಡಿಸು."

ಅವಳು ಬಡಿಸಿದಳು. ಮೂವರು ಪರೀಕ್ಷಕರು ಕೊಳದಲ್ಲಿ ಮೀನು ಚಿಮ್ಮಿದ್ದನ್ನು ಕಣ್ಣಾರೆ ಕಂಡು ಬಂದಿದ್ದರು. ಭಾವ ಮೀನಿನ ತಲೆ ಚೀಪುತ್ತ, ತುಟಿಯಂಚಿನ ಜಿಡ್ಡನ್ನು ನಾಲಗೆಯಿಂದ ನೆಕ್ಕುತ್ತ, ನಮ್ಮ ಕೊಳದ ಮೀನಿನ ರುಚಿಯೇ ಬೇರೆ ಎಂದು ಹೊಗಳಿದ. ಸುಳ್ಳೂ ಮೀನೂ ಒಂದೇ ಬಾಯಲ್ಲಿ ನುರಿಯುವುದನ್ನು ಅವಳಿಗೆ ನೋಡಲಾಗಲಿಲ್ಲ. ನೀರಿನ ಹೂಜಿ ಇಟ್ಟು ಹಿತ್ತಲಿಗೆ ಹೋಗಿ ನಿಂತಳು.

ಕಲ್ಲು ಆರಿಸುವ ಹೆಂಗಸರು ಕೊಳದ ಕಡೆಯಿಂದ ಬರುತ್ತಿದ್ದುದು ಆಗ ಕಂಡಿತು. ತಲೆಯ ಮೇಲೆ ಬೋಗುಣಿಗಳು. ಹತ್ತಿರ ಬಂದಾಗ ನೋಡಿದಳು: ಬೆಳಿಗ್ಗೆ ಬಿಟ್ಟ ಮೀನುಗಳು ಹೊಟ್ಟೆ ಮೇಲಾಗಿ ತೇಲಿದ್ದವು, ಅವನ್ನೇ ಬಾಚಿ ತಂದಿದ್ದರು. ಕಿವಿರು ಕಂದಿತ್ತು, ಕಣ್ಣಿಗೆ ಬಿಳಿ ಪೊರೆ ಬಂದಿತ್ತು, ಮೈಗೆಲ್ಲ ಬೂದು ಲೋಳೆ.

ಬಿಸಾಡಿ ಎಂದಳು. ಯಾರೂ ಕೇಳಲಿಲ್ಲ. ಮುಂದಿದ್ದ ಬಸುರಿ ಹೆಂಗಸು ಬೋಗುಣಿಯನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದಳು.

"ದೊಡ್ಡೋರು ತಿಂದಿದ್ದು ನಮಗಾಗಲ್ವಾ? ನೀನೇ ತಾನೆ ಬೇಯಿಸಿ ಹಾಕಿದ್ದು?"

ತಲೆಯಾಡಿಸುತ್ತ ಬಂದ ತನ್ನ ಕತ್ತಿನ ಮೇಲೇ ಅಡುಗೆಯವಳಿಗೆ ಹೇಸಿಗೆಯೆನಿಸಿತು.

"ನಾನು ಬೇಯಿಸಿದ್ದು ಮಾರ್ಕೆಟ್ಟಿನ ಮೀನು ಕಣವ್ವಾ," ಎಂದಳು. "ಇದನ್ನ ನಾಯಿಗೂ ಹಾಕಬೇಡ."

ಬೋಗುಣಿ ಇಸಿದುಕೊಂಡು ನೇರ ಊಟದ ಕೋಣೆಗೆ ನಡೆದಳು. ಮೇಜಿನ ಮೇಲೆ, ಭಾವನ ತಟ್ಟೆಯ ಪಕ್ಕದಲ್ಲೇ ಇಟ್ಟಳು. ನಾತಕ್ಕೆ ಒಬ್ಬ ಪರೀಕ್ಷಕ ಕುರ್ಚಿ ಹಿಂದಕ್ಕೆ ಸರಿಸಿದ.

"ಭಾವ, ಕೊಳದ ಮೀನು ಇದು. ಹುರಿದು ತರ್ತೀನಿ, ಇವರೆದುರಿಗೆ ಒಂದು ತುತ್ತು ತಿನ್ನಿ."

ಭಾವ ಮೊದಲು ನಕ್ಕ. ತಲೆ ಕೆಟ್ಟಿದೆ ಇವಳಿಗೆ, ಗಂಡ ಸತ್ತ ಮೇಲೆ ಹೀಗೇ ಎಂದ. ಪರೀಕ್ಷಕರ ತಂಡದ ಹಿರಿಯಳು ಬೋಗುಣಿಯನ್ನು ಅವನತ್ತ ಸರಿಸಿದಳು. ಭಾವನ ಮುಖವೆಲ್ಲ ಬೆವರಿತು. ಕೈ ಮಾತ್ರ ಮುಂದೆ ಬರಲಿಲ್ಲ.

ಸಂಜೆಯೊಳಗೆ ಪರೀಕ್ಷಕರು ಕೊಳದ ನೀರನ್ನು ತಳದಿಂದ ತೆಗೆಸಿ ಸೀಸೆಗಳಿಗೆ ತುಂಬಿಸಿದರು. ಮುದ್ರೆ ಸಿಗಲಿಲ್ಲ. ಗಣಿಯ ಮಾಲೀಕರು ಭಾವನನ್ನು ಕೆಲಸದಿಂದ ತೆಗೆದು ಮನೆಗೆ ಕಳಿಸಿದರು. ಮುದ್ರೆ ಬೇಕೇ ಬೇಕಿದ್ದ ಮಾಲೀಕರು ಕೊಳಕ್ಕೆ ಒಳಪದರ ಹಾಸಿ, ವಿಷ ಕಳೆದು ಅದೇ ನೀರನ್ನು ಮರುಬಳಸುವ ಯಂತ್ರ ಕೂರಿಸಿದರು. ಭಯಭಕ್ತಿಯಿಂದಲ್ಲ, ವ್ಯಾಪಾರದ ಆಸೆಯಿಂದ, ಆದರೂ ಕೂರಿಸಿದರು.

ಅಡುಗೆಯವಳನ್ನು ಹೊಸ ಮ್ಯಾನೇಜರು ತೆಗೆಯಲಿಲ್ಲ. ಅಕ್ಕನ ಮನೆಗೆ ಅವಳು ಒಮ್ಮೆ ಹೋಗಿದ್ದಳು. ಅಕ್ಕ ಬಾಗಿಲು ಅರ್ಧ ತೆರೆದು, ಉಂಡ ಮನೆಗೆ ಎರಡು ಬಗೆದವಳು ಎಂದಳು. ಒಳಗಿನಿಂದ ಭಾವ, ಹೊರಗೆ ಯಾರು ಎಂದು ಕೇಳಿದ. "ಯಾರೂ ಇಲ್ಲ," ಎಂದು ಅಕ್ಕ ಬಾಗಿಲು ಹಾಕಿಕೊಂಡಳು.