ಅಂಗೈಯ ಗುಟ್ಟು

ತಿಪಟೂರು ಸೀಮೆಯ ಬಗ್ಗೆ ಬರೆಯುವವರೆಲ್ಲ ಕೊಬ್ಬರಿಯ ಬಗ್ಗೆ ಬರೆಯುತ್ತಾರೆ. ಕಾಯಿ ಯಾವಾಗ ಕೊಬ್ಬರಿಯಾಯಿತೆಂದು ಹೇಳುವವಳನ್ನು ಯಾರೂ ಮೂಸಿ ನೋಡುವುದಿಲ್ಲ. ಅದಕ್ಕೇ ನನ್ನ ತಮ್ಮನ ಮಗಳು ವರ್ಷಿಣಿ, "ಅತ್ತೆ, ನಮ್ಮೂರು, ಸುತ್ಲ ಹಳ್ಳಿ ಎಲ್ಲ ಸೇರ್ಸಿ ಒಂದು ಪುಸ್ತಕ ತರ್ತಿದೀವಿ. ನಿನ್ ಬಗ್ಗೆ ನಾನೇ ಬರೀತೀನಿ" ಎಂದಾಗ ಉಬ್ಬಿಹೋದೆ. ಹೊಗಳಿ ಅಟ್ಟಕ್ಕೇರಿಸಿದಳು, ಏರಿದೆ.

ಹಾಲ್ಕುರಿಕೆಯ ತೋಟದ ಹಾಲಸ್ವಾಮಿಯವರ ಅಟ್ಟದಲ್ಲಿ ಕಾಯಿ ಹನ್ನೊಂದು ತಿಂಗಳು ಒಣಗುತ್ತದೆ. ಒಳಗಿನ ನೀರು ಇಂಗಿ, ತಿರುಳು ಕರಟ ಬಿಟ್ಟು ಉಂಡೆ ಕೊಬ್ಬರಿಯಾಗಬೇಕು. ಆತುರಪಟ್ಟು ಒಡೆದರೆ ಅತ್ತ ಕಾಯಿಯೂ ಅಲ್ಲ, ಇತ್ತ ಕೊಬ್ಬರಿಯೂ ಅಲ್ಲ. ಸುಲಿಯುವ ಮೊದಲು ಒಂದೊಂದನ್ನೂ ಕಿವಿಯ ಹತ್ತಿರ ಅಲ್ಲಾಡಿಸಿ, ಆದದ್ದನ್ನೂ ಆಗದ್ದನ್ನೂ ಬೇರೆ ಮಾಡುವವಳು ನಾನು. ಮೂವತ್ತು ವರ್ಷ ಅದೇ ಕೆಲಸ. "ಲಕ್ಷ್ಮಕ್ಕ ಹೂಂ ಅಂದ್ರೆ ಮುಗೀತು" ಎನ್ನುತ್ತಿದ್ದರು ಹಾಲಸ್ವಾಮಿ. ಆ ಮಾತು ನನಗೆ ಕೂಲಿಗಿಂತ ದೊಡ್ಡದಾಗಿತ್ತು.

ವರ್ಷಿಣಿ ಎರಡು ದಿನ ನನ್ನ ಪಕ್ಕದಲ್ಲೇ ಕೂತಳು. ನನ್ನ ಬಾಯಿಗೆ ಏನು ಬಂದಿತ್ತೋ, ಯಾರಿಗೂ ಹೇಳದ್ದನ್ನು ಅವಳಿಗೆ ಹೇಳಿಬಿಟ್ಟೆ. ನಾಲ್ಕು ವರ್ಷದಿಂದ ನನಗೆ ಕಾಯಿಯ ಸದ್ದು ಕೇಳಿಸುತ್ತಿಲ್ಲ. ಹತ್ತಿರ ನಿಂತು ಮಾತಾಡಿದರೆ ಕೇಳುತ್ತದೆ, ಆ ಸಣ್ಣ ಸದ್ದು ಮಾತ್ರ ಹೋಗಿದೆ. ಆದರೆ ಕೊಬ್ಬರಿ ಕರಟಕ್ಕೆ ಬಡಿಯುವುದು ಅಂಗೈಗೆ ತಿಳಿಯುತ್ತದೆ. ಕಿವಿಗೆ ಹಿಡಿಯುವುದು ನೋಡುವವರಿಗಾಗಿ ಅಷ್ಟೆ.

"ಇದೊಂದನ್ನ ಬರೀಬ್ಯಾಡ ಕಣವ್ವ."

"ನಿನ್ನಾಣೆ ಬರಿಯಲ್ಲ ಬುಡತ್ತೆ" ಎಂದು ನನ್ನ ತಲೆಯ ಮೇಲೆ ಕೈಯಿಟ್ಟಳು.

ಪುಸ್ತಕ ಬಂತು. ಕಿವಿಗೆ ಕಾಯಿ ಹಿಡಿದ ನನ್ನ ಫೋಟೊ. ಅದರ ಮೇಲೆ ದಪ್ಪಕ್ಷರದಲ್ಲಿ, "ಕಿವುಡಿ ಆರಿಸುವ ಕೊಬ್ಬರಿ".

ಹಾಲಸ್ವಾಮಿ ಪುಸ್ತಕ ಹಿಡಿದೇ ಬಂದರು. "ಏನ್ ಲಕ್ಷ್ಮಕ್ಕ, ನಾಲ್ಕು ವರ್ಷ ನನ್ನ ಮುಂದೆ ನಾಟ್ಕ ಆಡಿದ್ಯಾ?"

"ಬುದ್ಧಿ, ನಾಲ್ಕು ವರ್ಷದಲ್ಲಿ ಒಂದಾದ್ರೂ ಹಸಿ ಕಾಯಿ ಒಡೆದಿದ್ದುಂಟಾ?"

"ಇಲ್ಲ. ಆದ್ರೂ ಇನ್ಮೇಲೆ ಹೆಂಗ್ ನಂಬ್ಲಿ ಹೇಳು."

ಮಾರನೆಯ ದಿನ ನನ್ನ ಜಾಗದಲ್ಲಿ ಕಲ್ಲಮ್ಮ ಕೂತಿದ್ದಳು. ಅವಳಿಗೆ ಕೆಲಸ ಕಲಿಸಿದವಳೂ ನಾನೇ.

ತಿಂಗಳು ಕಳೆದ ಮೇಲೆ ವರ್ಷಿಣಿ ಬಂದಳು, ತನ್ನ ಮದುವೆಯ ಲಗ್ನಪತ್ರಿಕೆ ಹಿಡಿದು. ನಾನು ಪುಸ್ತಕದ ಮಾತೆತ್ತಿದೆ.

"ಎಲ್ರೂ ಮೆಚ್ಕೊಂಡ್ರು ಕಣತ್ತೆ. ಅದಿಲ್ದಿದ್ರೆ ನಿನ್ ಬಗ್ಗೆ ಬರಿಯೋಕೆ ಇನ್ನೇನಿತ್ತು?"

ಮೂವತ್ತು ವರ್ಷ ಇತ್ತಲ್ಲ! ಎತ್ತಿ ಆಡಿಸಿದ ಮಗುವಿನ ಲಗ್ನಪತ್ರಿಕೆ, ಇಸಿದುಕೊಂಡೆ.

ಅವಳು ಚೀಲದಿಂದ ಒಂದು ಕಾಯಿ ತೆಗೆದಳು. ಮದುಮಗಳ ಮಡಿಲಿಗೆ ತವರಿನ ಅಟ್ಟದ ಕೊಬ್ಬರಿಯೇ ಬೀಳಬೇಕು, ಅದನ್ನು ಎಲ್ಲರೆದುರೇ ಒಡೆಯಬೇಕು. ಹಸಿಯಾಗಿ ಬಂದರೆ ಅಪಶಕುನ ಎನ್ನುತ್ತಾರೆ ನಮ್ಮ ಮನೆಯಲ್ಲಿ.

"ಆಗೈತಾ ನೋಡತ್ತೆ. ನಿನ್ನಷ್ಟು ಇನ್ಯಾರ್ಗೂ ಗೊತ್ತಾಗಲ್ಲ."

ಕೈಗೆ ತೆಗೆದುಕೊಂಡು ಒಂದೇ ಸಲ ಅಲ್ಲಾಡಿಸಿದೆ. ಅಂಗೈಗೆ ಬಡಿತವೇ ಇಲ್ಲ. ಇನ್ನೆರಡು ತಿಂಗಳಾದರೂ ಬೇಕಿತ್ತು. ಕಾಯಿಯನ್ನು ಅವಳ ಕೈಗೇ ವಾಪಸು ಇಟ್ಟೆ.

"ನಂಗೆ ಕೇಳ್ಸಲ್ಲ ಕಣವ್ವ," ಎಂದೆ. "ನೀನೇ ಬರ್ದಿದೀಯಲ್ಲ."