ಒಂದೇ ಮಗುವಿಗೆ ಒಡೆದ ಸೀಸೆ

ಲಸಿಕೆಯ ಹೊಸ ಕೈಪಿಡಿಯನ್ನು ಓದಿ ಹೇಳಲು ನಿವೃತ್ತ ನರ್ಸ್ ತ್ರಾನ್ಸಿತೊ ಆಯೊವಿಯನ್ನೇ ಕರೆಸಬೇಕೆಂದು ಹಟ ಹಿಡಿದವಳು ಯಾದಿರಾ. ಕಯಾಪಾಸ್ ನದಿಯ ದಂಡೆಯ ಆ ಆರೋಗ್ಯ ಕೇಂದ್ರದಲ್ಲಿ ಲಸಿಕೆಯ ಉಸ್ತುವಾರಿ ಈಗ ಅವಳದು. ವಯಸ್ಸು ಮೂವತ್ತೊಂದು. ಅವಳು ಹುಟ್ಟಿದ ವಾರವೇ ಅವಳ ತೋಳಿಗೆ ಮೊದಲ ಸೂಜಿ ಚುಚ್ಚಿದ್ದವಳೂ ತ್ರಾನ್ಸಿತೊಳೇ.

"ನಂಗೇನು ಬರುತ್ತಮ್ಮ? ಕೆಲಸ ಬಿಟ್ಟು ನಾಲ್ಕು ವರ್ಷ ಆಯ್ತು. ಅಕ್ಷರಗಳೆಲ್ಲ ಇರುವೆ ಸಾಲಿನ ಹಂಗೆ ಕಾಣ್ತವೆ," ಎಂದು ತ್ರಾನ್ಸಿತೊ ತಪ್ಪಿಸಿಕೊಳ್ಳಲು ನೋಡಿದ್ದಳು.

"ದೋನ್ಯಾ ತ್ರಾನ್ಸಿತೊ, ನಾನು ಓದಿದ್ರೆ ಈ ಹುಡುಗರು ಆಕಳಿಸ್ತಾರೆ. ನೀವು ಓದಿದ್ರೆ ಹೆದರಿಕೊಂಡಾದ್ರೂ ಕೂತಿರ್ತಾರೆ. ಬನ್ನಿ," ಎಂದಿದ್ದಳು ಯಾದಿರಾ. ಹಿರಿಯ ಹೆಂಗಸರನ್ನು ಅಲ್ಲಿ ದೋನ್ಯಾ ಎಂದೇ ಕರೆಯುವುದು.

ಹಾಗೆ ಅವಳು ಬಂದು ತಗಡಿನ ಮಾಡಿನ ಕೆಳಗೆ, ಗರಗರ ಸದ್ದು ಮಾಡುವ ಫ್ಯಾನಿನ ಎದುರು ಕುಳಿತಿದ್ದಳು. ಮುಂದೆ ಹನ್ನೆರಡು ಜನ ಹೊಸಬರು. ಮರುದಿನ ಬೆಳಿಗ್ಗೆ ಅವರೆಲ್ಲ ಮೂರು ದೋಣಿಗಳಲ್ಲಿ ನದಿಯ ಮೇಲ್ಭಾಗದ ಹಳ್ಳಿಗಳಿಗೆ ಹೊರಡಬೇಕು. ಲಸಿಕೆಯನ್ನು ಎಷ್ಟು ತಣ್ಣಗಿಡಬೇಕು, ಯಾವುದನ್ನು ಹೆಪ್ಪುಗಟ್ಟಲು ಬಿಡಬಾರದು, ಬಳಸಿದ ಸೂಜಿಯನ್ನು ಎಲ್ಲಿ ಹಾಕಬೇಕು, ನೆಗಡಿಯಾದ ಮಗುವನ್ನು ವಾಪಸ್ ಕಳಿಸಬಾರದು ಏಕೆ. ಎಲ್ಲವೂ ಬಣ್ಣದ ಚಿತ್ರಗಳ ಸಮೇತ ಅಚ್ಚಾಗಿತ್ತು. ಅವಳ ಕಾಲದಲ್ಲಿ ಇದ್ದದ್ದು ಬೆರಳಚ್ಚಿನ ಏಳು ಹಾಳೆ, ಅದೂ ಮಳೆಯಲ್ಲಿ ನೆನೆದು ಅರ್ಧ ಅಳಿಸಿಹೋಗಿತ್ತು.

ಹದಿನಾಲ್ಕನೆಯ ಪುಟಕ್ಕೆ ಬಂದಳು. "ಬಂದಿರುವುದು ಒಂದೇ ಮಗುವಾದರೂ ಸೀಸೆಯನ್ನು ತೆರೆಯಿರಿ. ಉಳಿದ ಡೋಸುಗಳು ವ್ಯರ್ಥವಾಗುತ್ತವೆಂಬ ಕಾರಣಕ್ಕೆ ಯಾವ ಮಗುವನ್ನೂ..."

ಅಲ್ಲಿಗೆ ಅವಳ ದನಿ ನಿಂತಿತು. ಹುಡುಗರು ತಲೆಯೆತ್ತಿ ನೋಡಿದರು. ಮುಂದಿನ ಸಾಲಿನಲ್ಲಿ ಕುಳಿತಿದ್ದ ಮಾರ್ಯೂರಿ ಎಂಬ ಗುಂಗುರುಕೂದಲ ಹುಡುಗಿ ಎದ್ದುಹೋಗಿ ನೀರು ತಂದುಕೊಟ್ಟಳು. ತ್ರಾನ್ಸಿತೊ ನೀರು ಕುಡಿದು ಪುಸ್ತಕ ಮುಚ್ಚಿದಳು.

"ಇದು ಓದೋ ಮಾತಲ್ಲ. ಹೇಳ್ತೀನಿ ಕೇಳಿ," ಎಂದಳು.

ಅದು ಎಂಬತ್ತಾರನೆಯ ಇಸವಿ. ಆಗ ತ್ರಾನ್ಸಿತೊಗೆ ಇಪ್ಪತ್ತಾರು. ಇಡೀ ನದಿಗೆ ಅವಳೊಬ್ಬಳೇ ನರ್ಸಮ್ಮ. ದೋಣಿ ನಡೆಸುತ್ತಿದ್ದವನು ವಿಲ್ಫ್ರಿದೊ ಕೊರೋಸೊ. ಒಂದೇ ಮರ ಕೊರೆದು ಮಾಡಿದ ಉದ್ದನೆಯ ದೋಣಿ, ಹಿಂದೆ ಕೆಮ್ಮುವ ಮೋಟಾರು. ಪ್ರತಿ ಗುರುವಾರ ಬೆಳಕು ಹರಿಯುವ ಮೊದಲೇ ಬೊರ್ಬೋನ್ ಪೇಟೆಯ ಮೀನಿನ ವ್ಯಾಪಾರಿಯ ಬಾಗಿಲು ತಟ್ಟಿ ಐಸು ಬೇಡಬೇಕು. ಅವನು ಗೊಣಗುತ್ತಲೇ ಮರದ ಹೊಟ್ಟಿನಲ್ಲಿ ಹುದುಗಿಸಿಟ್ಟ ಗಡ್ಡೆಯೊಂದನ್ನು ಒಡೆದು ಕೊಡುತ್ತಿದ್ದ. ಆ ಲಸಿಕೆಯ ಪೆಟ್ಟಿಗೆಗೆ ಸದಾ ಸಿಗಡಿಯ ವಾಸನೆ.

ವಿಲ್ಫ್ರಿದೊ ಆ ಪೆಟ್ಟಿಗೆಯನ್ನು ಮಹಾರಾಣಿ ಎನ್ನುತ್ತಿದ್ದ. "ಮಹಾರಾಣಿಯೋರಿಗೆ ಬಿಸಿಲು ತಾಗಬಾರ್ದು," ಎಂದು ತನ್ನ ಟೊಪ್ಪಿಗೆಯನ್ನು ಅದರ ಮೇಲಿಟ್ಟು ತಾನು ಬರಿದಲೆಯಲ್ಲಿ ಸುಡುತ್ತಿದ್ದ. "ನಂಗೊಂದು ಟೊಪ್ಪಿ ಕೊಟ್ಟಿದ್ದೀಯಾ ಯಾವತ್ತಾದ್ರೂ?" ಎಂದು ತ್ರಾನ್ಸಿತೊ ಕೇಳಿದರೆ, "ನೀನು ಕರಗಲ್ಲ ಬಿಡು ತಾಯಿ," ಎನ್ನುತ್ತಿದ್ದ. ಹಳ್ಳಿ ಹತ್ತಿರವಾದಾಗ ಅವನು ಶಂಖದಂಥ ಚಿಪ್ಪನ್ನು ಊದುತ್ತಿದ್ದ. ಆ ಸದ್ದು ಕೇಳಿದ್ದೇ ತಡ, ಮಕ್ಕಳು ಚೇಪೆಮರ ಹತ್ತಿ ಕೂರುತ್ತಿದ್ದರು, ತಾಯಂದಿರು ಕೆಳಗೆ ನಿಂತು ಬಯ್ಯುತ್ತಿದ್ದರು. ಕೆಲಸ ಮುಗಿದ ಮೇಲೆ ಯಾರದೋ ಮನೆಯ ಜಗುಲಿಯಲ್ಲಿ ತೆಂಗಿನಹಾಲಿನಲ್ಲಿ ಬೆಂದ ಮೀನು, ಜೊತೆಗೆ ಹುರಿದು ಜಜ್ಜಿದ ಬಾಳೆಕಾಯಿ. ಸಂಜೆ ಮೋಟಾರು ಆರಿಸಿ, ನೀರಿನ ಸೆಳೆತದ ಜೊತೆ ತೇಲುತ್ತ ಇಳಿಯುತ್ತಿದ್ದರು. ಅಂಥ ಸುಖದ ದಣಿವು ಆಮೇಲೆ ತನಗೆ ಯಾವತ್ತೂ ಆಗಲಿಲ್ಲ ಎಂದು ತ್ರಾನ್ಸಿತೊಗೆ ಈಗಲೂ ಅನಿಸುತ್ತದೆ.

ಆ ವರ್ಷ ಮೇಲ್ವಿಚಾರಕರಾಗಿ ಬಂದವರು ವಿಯಾಸಿಸ್, ಅಂಬಾತೊ ಕಡೆಯ ಬೆಟ್ಟದವರು. ಸೆಕೆಯಲ್ಲೂ ಟೈ ಬಿಚ್ಚುತ್ತಿರಲಿಲ್ಲ. ದಡಾರದ ಲಸಿಕೆ ಪುಡಿಯ ರೂಪದಲ್ಲಿ ಬರುತ್ತಿತ್ತು, ಒಂದು ಸೀಸೆಗೆ ಹತ್ತು ಡೋಸು. ನೀರು ಬೆರೆಸಿದ ಮೇಲೆ ಆ ದಿನವೇ ಮುಗಿಸಬೇಕು, ಉಳಿದದ್ದನ್ನು ಚೆಲ್ಲಬೇಕು. ಅವರು ಸಭೆಯಲ್ಲಿ ಎಲ್ಲರೆದುರು ಬೆರಳು ತೋರಿಸಿ ಹೇಳಿದ್ದರು: "ಐದು ಮಕ್ಕಳಾದ್ರೂ ಸೇರದೆ ಸೀಸೆ ಒಡೆದ್ರೆ ನಂಗೆ ಉತ್ತರ ಕೊಡಬೇಕಾಗುತ್ತೆ, ಆಯೊವಿ. ಎಲ್ಲರಿಗಿಂತ ಹೆಚ್ಚು ಚೆಲ್ಲಿರೋದು ನಿಮ್ಮ ನದಿಯಲ್ಲೇ."

ಮುಂದಿನ ಗುರುವಾರ ಎಲ್ ಗುವಾಬಾಲ್ ಹಳ್ಳಿಯಲ್ಲಿ ಒಂದು ಸೀಸೆ ಸರಿಯಾಗಿ ಹತ್ತು ಮಕ್ಕಳಿಗೆ ಮುಗಿಯಿತು. ಪೆಟ್ಟಿಗೆ ಕಟ್ಟುತ್ತಿದ್ದಾಗ ನೀರಿನ ಕಡೆಯಿಂದ ಕೂಗು ಕೇಳಿಸಿತು. ರುಫೀನಾ ನಸರೇನೊ ಎಂಬವಳು, ಇಪ್ಪತ್ತೆರಡರ ಹೆಣ್ಣು, ನಾಲ್ಕು ಗಂಟೆ ಒಬ್ಬಳೇ ಹುಟ್ಟು ಹಾಕಿಕೊಂಡು ಬಂದಿದ್ದಳು. ಗಂಡ ಮರ ಕಡಿಯಲು ಕಾಡಿಗೆ ಹೋಗಿದ್ದ. ದೋಣಿಯಲ್ಲಿ ಎರಡು ವರ್ಷದ ಮಿರೇಯಾ, ಹಳದಿ ಲಂಗ, ಜಡೆಗೆ ಹೂವು. ಮಡಿಲಲ್ಲಿ ಎಂಟು ತಿಂಗಳ ಗಂಡುಕೂಸು, ಅದಕ್ಕಿನ್ನೂ ಈ ಲಸಿಕೆಯ ವಯಸ್ಸಾಗಿರಲಿಲ್ಲ.

"ತಡ ಆಯ್ತು ನರ್ಸಮ್ಮ. ಇವಳಿಗೊಂದು ಹಾಕಿಬಿಡಿ."

ತ್ರಾನ್ಸಿತೊ ಪೆಟ್ಟಿಗೆಯ ಮುಚ್ಚಳದ ಮೇಲೆ ಕೈಯಿಟ್ಟಳು. ಒಳಗೆ ಎರಡು ಸೀಸೆಗಳಿದ್ದವು. "ಐದು ಜನ ಸೇರದೆ ಸೀಸೆ ಒಡೆಯೋ ಹಂಗಿಲ್ಲ ರುಫೀನಾ. ಮುಂದಿನ ಗುರುವಾರ ಬಾ. ಮೊದಲು ನಿನ್ನ ಮಗಳಿಗೇ ಹಾಕ್ತೀನಿ."

ರುಫೀನಾ ವಾದ ಮಾಡಲಿಲ್ಲ. ಮಗಳ ಜಡೆ ಸರಿಮಾಡಿ, "ಸರಿ, ಗುರುವಾರ," ಎಂದಳು. ವಿಲ್ಫ್ರಿದೊ ಮಾತ್ರ ಹಿಂದಿರುಗುವ ದಾರಿಯುದ್ದಕ್ಕೂ ತಮಾಷೆ ಮಾಡಲಿಲ್ಲ.

ಮುಂದಿನ ಗುರುವಾರ ನದಿ ತುಂಬಿ ಬಂತು. ಅದರ ಮುಂದಿನದಕ್ಕೆ ಮೋಟಾರು ಕೆಟ್ಟಿತು. ಮೂರನೆಯದಕ್ಕೆ ಸುದ್ದಿಯೇ ಬಂತು, ಮೇಲ್ಭಾಗದ ಮರದ ಕೆಲಸಗಾರರ ಬಿಡಾರದಲ್ಲಿ ದಡಾರ ಎದ್ದಿದೆ ಎಂದು. ತ್ರಾನ್ಸಿತೊ ರುಫೀನಾಳ ಮನೆ ಮುಟ್ಟುವಷ್ಟರಲ್ಲಿ ಮಿರೇಯಾಳ ಮೈಯೆಲ್ಲ ಕೆಂಪು ಗುಳ್ಳೆ, ಎದೆಯಲ್ಲಿ ಗೊರಗೊರ. ಕೂಸನ್ನು ಮೊದಲೇ ಅಜ್ಜಿಮನೆಗೆ ಸಾಗಿಸಿದ್ದರು. ಸೂಲಗಿತ್ತಿ ದೋನ್ಯಾ ಪೆತೀತಾ ಎಲೆಗಳ ಕಷಾಯದಲ್ಲಿ ಬಟ್ಟೆ ಅದ್ದಿ ಹಣೆಗೆ ಇಡುತ್ತಿದ್ದಳು. ಎರಡು ದಿನ ಮೂವರು ಹೆಂಗಸರೂ ಆ ಮಗುವನ್ನು ಬಿಟ್ಟು ಕದಲಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಅದು ಹೋಯಿತು.

ಎಳೆಯ ಮಗು ಸತ್ತರೆ ಅಲ್ಲಿ ಅಳುವುದಿಲ್ಲ. ದೇವದೂತರ ಜೊತೆ ಹೋದ ಮಗುವಿನ ರೆಕ್ಕೆ ಕಣ್ಣೀರಿನಿಂದ ಒದ್ದೆಯಾಗಬಾರದು ಎನ್ನುತ್ತಾರೆ. ಬಿಳಿ ಬಟ್ಟೆ ಹಾಕಿ, ಕಾಗದದ ಕಿರೀಟ ಇಟ್ಟು, ಡೋಲು ಬಾರಿಸಿ ಜೋಗುಳ ಹಾಡಿದರು. ನದಿಯ ಮೇಲಿನಿಂದಲೂ ಕೆಳಗಿನಿಂದಲೂ ಬಂಧುಗಳು ಬಂದರು. ತ್ರಾನ್ಸಿತೊ ಹಾಡುವವರ ಗುಂಪಿನ ಹೊರಗೆ ಕುಳಿತು ಬಂದವರಿಗೆ ಕಾಫಿ ಬಗ್ಗಿಸಿದಳು.

ಮಣ್ಣು ಮಾಡಿ ಬಂದ ಬೆಳಿಗ್ಗೆ ರುಫೀನಾ ಅಜ್ಜಿಮನೆಯಿಂದ ಬಂದ ಕೂಸನ್ನು ಎತ್ತಿಕೊಂಡು ನೇರ ತ್ರಾನ್ಸಿತೊಳ ಮುಂದೆ ಬಂದು ನಿಂತಳು.

"ಮೊನ್ನೆಗೆ ಇವನಿಗೆ ಒಂಬತ್ತು ತಿಂಗಳು ತುಂಬ್ತು," ಎಂದಳು. ಕೂಸಿನ ತೋಳಿನ ಬಟ್ಟೆ ಸರಿಸಿ, "ಇವನಿಗೂ ಐದು ಜನ ಸೇರಬೇಕಾ ನರ್ಸಮ್ಮ?" ಎಂದು ಕೇಳಿದಳು.

ಆ ಮಾತಿನಲ್ಲಿ ಕೋಪ ಇರಲಿಲ್ಲ. ಇದ್ದಿದ್ದರೆ ತ್ರಾನ್ಸಿತೊ ತಡೆದುಕೊಳ್ಳುತ್ತಿದ್ದಳೇನೋ. ಅವಳು ದೋಣಿಗೆ ಹೋಗಿ, ವಿಲ್ಫ್ರಿದೊ ಹಿಂದಿನ ದಿನವಷ್ಟೇ ಹೊಸ ಐಸು ತುಂಬಿಟ್ಟಿದ್ದ ಪೆಟ್ಟಿಗೆ ತಂದಳು, ಸೀಸೆ ಒಡೆದಳು, ನೀರು ಬೆರೆಸಿದಳು. ಕೂಸು ಒಮ್ಮೆ ಚೀರಿ ತಾಯಿಯ ಕುತ್ತಿಗೆಗೆ ಮುಖ ಒತ್ತಿಕೊಂಡಿತು.

ನೋಡುತ್ತ ನಿಂತಿದ್ದ ಪೆತೀತಾ ಜನರ ಕಡೆ ತಿರುಗಿ ಗದರಿದಳು: "ಏನು ಬಾಯಿ ಬಿಟ್ಕೊಂಡು ನೋಡ್ತಿದ್ದೀರಾ? ನಿಮ್ಮ ಮಕ್ಕಳೇನು ಕಲ್ಲಿಂದ ಮಾಡಿದ್ದಾ? ಕರ್ಕೊಂಡು ಬನ್ರೇ!" ಅಲ್ಲಿಯವರೆಗೆ ಸೂಜಿಯನ್ನು ನಂಬದಿದ್ದ ಮುದುಕಿ ಅವಳು. ಮೇಲ್ಭಾಗದಿಂದ ಬಂದಿದ್ದವರಲ್ಲಿ ಮೂವರು ತಾಯಂದಿರು ಮುಂದೆ ಬಂದರು, ನಾಲ್ಕು ಮಕ್ಕಳಾದವು. ಸಂಜೆ ತ್ರಾನ್ಸಿತೊ ಉಳಿದ ಐದು ಡೋಸುಗಳನ್ನು ಚೆಲ್ಲಿದಳು. ಅಂದು ಚೆಲ್ಲುವಾಗ ಅವಳಿಗೆ ಯಾವ ಅಳುಕೂ ಆಗಲಿಲ್ಲ.

ಅಂದಿನಿಂದ ಒಂದೇ ಮಗು ಬಂದರೂ ಅವಳು ಒಡೆಯತೊಡಗಿದಳು. ಹಾಗೆ ಒಡೆದದ್ದನ್ನು ಬಚ್ಚಿಡದೆ ವರದಿಯಲ್ಲಿ ಬರೆದಳು, ಕಾರಣದ ಜಾಗದಲ್ಲಿ ಮಿರೇಯಾಳ ಹೆಸರು ಬರೆದಳು. ಎರಡು ತಿಂಗಳಿಗೆ ವಿಯಾಸಿಸ್ ಕೆಂಡವಾಗಿ ಬಂದಿಳಿದರು.

"ಕೂಗಾಡೋದಾದ್ರೆ ಇಲ್ಲಿ ಬೇಡ ಸಾರ್," ಎಂದಳು ತ್ರಾನ್ಸಿತೊ. "ದೋಣಿ ಹತ್ತಿ. ಆ ಮಗುವಿನ ತಾಯಿ ಎದುರಿಗೆ ಕೂಗಿ."

ಅಷ್ಟು ಧೈರ್ಯ ಎಲ್ಲಿಂದ ಬಂತೋ ಅವಳಿಗೇ ಗೊತ್ತಿಲ್ಲ. ಅವರು ಹತ್ತಿದರು. ದಾರಿಯಲ್ಲಿ ಎರಡು ಸಲ ವಾಂತಿ ಮಾಡಿಕೊಂಡರು. ವಿಲ್ಫ್ರಿದೊ ಗಂಭೀರವಾಗಿ, "ಬೆಟ್ಟದೋರಿಗೆ ನಮ್ಮ ನದಿ ಸ್ವಲ್ಪ ಖಾರ," ಎಂದ. ರುಫೀನಾಳ ಮನೆಯಲ್ಲಿ ಅವರಿಗೆ ಕಾಫಿ ಸಿಕ್ಕಿತು, ಒಣ ಅಂಗಿ ಸಿಕ್ಕಿತು. ಅವರು ಯಾರೆಂದು ತಿಳಿದ ಮೇಲೂ ರುಫೀನಾ, "ಇನ್ನೊಂದು ಲೋಟ ಹಾಕಲಾ?" ಎಂದಳಷ್ಟೆ. ವಿಯಾಸಿಸ್ ಮನೆಯ ಹಿಂದಿನ ಪುಟ್ಟ ಶಿಲುಬೆಯ ಹತ್ತಿರ ಬಹಳ ಹೊತ್ತು ನಿಂತಿದ್ದರು. ಮರಳಿ ಬಂದು ದಡದಲ್ಲಿ ಇಳಿಯುವಾಗ ಹೇಳಿದರು:

"ಒಡೀರಿ ಆಯೊವಿ. ಮೇಲಿನೋರಿಗೆ ನಾನು ಉತ್ತರ ಕೊಡ್ತೀನಿ."

ಕೊಟ್ಟಿರಬೇಕು, ಏಕೆಂದರೆ ಆಮೇಲೆ ಯಾರೂ ಕೇಳಲಿಲ್ಲ.

ತಗಡಿನ ಮಾಡಿನ ಕೆಳಗೆ ಫ್ಯಾನು ಮಾತ್ರ ಗರಗರ ಎನ್ನುತ್ತಿತ್ತು. ಯಾದಿರಾ ಬಾಗಿಲಿಗೆ ಒರಗಿ ನೆಲ ನೋಡುತ್ತಿದ್ದಳು. ಈ ಕತೆ ಅವಳಿಗೂ ಗೊತ್ತಿರಲಿಲ್ಲ.

ಮಾರ್ಯೂರಿ ಮೆಲ್ಲಗೆ ಕೇಳಿದಳು: "ಆ ತಾಯಿ ನಿಮ್ಮನ್ನ ಕ್ಷಮಿಸಿದ್ರಾ, ದೋನ್ಯಾ?"

"ನಾನು ಕೇಳಲಿಲ್ಲ ಮಗಳೇ. ಯಾವ ಬಾಯಲ್ಲಿ ಕೇಳಲಿ? ಮೂರು ವರ್ಷ ಆದ್ಮೇಲೆ ಅವಳಿಗೆ ಇನ್ನೊಂದು ಹೆಣ್ಣಾಯ್ತು. ಜ್ಞಾನಸ್ನಾನಕ್ಕೆ ಧರ್ಮತಾಯಿ ಆಗು ಅಂತ ದೋಣಿ ಕಳಿಸಿದ್ಲು. ಅಂದಿನಿಂದ ನಾವಿಬ್ರೂ ಕೊಮಾದ್ರೆಗಳು, ಮಕ್ಕಳ ಕಡೆಯಿಂದ ಅಕ್ಕತಂಗಿಯರು." ಕನ್ನಡಕ ಒರೆಸಿಕೊಂಡು ಪುಸ್ತಕ ತೆರೆದಳು. "ಸರಿ, ಹದಿನೈದನೇ ಪುಟ. ಯಾವನೋ ಅಲ್ಲಿ ಫೋನ್ ನೋಡ್ತಿರೋನು, ನೀನೇ ಓದು."

ಮರುದಿನ ಬೆಳಿಗ್ಗೆ ಹುಡುಗರನ್ನು ಬೀಳ್ಕೊಡಲೆಂದು ದಡಕ್ಕೆ ಬಂದ ತ್ರಾನ್ಸಿತೊ, ಯಾರೂ ಕರೆಯದಿದ್ದರೂ, ಎರಡನೆಯ ದೋಣಿಗೆ ಕಾಲಿಟ್ಟಳು. ಮಂಡಿನೋವಿನ ನೆಪದಲ್ಲಿ ರುಫೀನಾಳನ್ನು ನೋಡದೆ ಎರಡು ವರ್ಷವಾಗಿತ್ತು. ಈಗಿನ ದೋಣಿಗಳು ಹಗುರ, ಹಿಂದೆ ಅರ್ಧ ದಿನ ಹಿಡಿಯುತ್ತಿದ್ದ ದಾರಿ ಒಂದೂವರೆ ಗಂಟೆಗೆ ಮುಗಿಯಿತು. ವಿಲ್ಫ್ರಿದೊ ತೀರಿಕೊಂಡು ಹನ್ನೊಂದು ವರ್ಷ. ಅವನು ಇದ್ದಿದ್ದರೆ ಈ ವೇಗವನ್ನು ಒಪ್ಪುತ್ತಿರಲಿಲ್ಲ, ನದಿ ನೋಡೋಕೂ ಬಿಡಲ್ಲವಲ್ಲ ಎನ್ನುತ್ತಿದ್ದ ಎಂದುಕೊಂಡಳು. ಮುರಿದುಬಿದ್ದ ಜಗುಲಿಗಳನ್ನೂ ಹೊಸ ಸಿಮೆಂಟಿನ ಗೋಡೆಗಳನ್ನೂ ದಾಟುವಾಗ ಅಲ್ಲಿದ್ದವರ ಹೆಸರುಗಳು ತಾವಾಗಿ ನಾಲಿಗೆಗೆ ಬಂದವು. ಒಂದೊಂದನ್ನೂ ಪಕ್ಕದಲ್ಲಿದ್ದ ಮಾರ್ಯೂರಿಗೆ ಹೇಳಿದಳು.

ರುಫೀನಾ ದಡದಲ್ಲಿ ಪಾತ್ರೆ ಉಜ್ಜುತ್ತಿದ್ದಳು. ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು.

"ಯಾರದು? ಬದುಕಿದ್ದೀಯೇನೇ ಇನ್ನೂ?"

"ನೀನು ಮೊದಲು ಹೋಗು ಅಂತ ಕಾಯ್ತಾ ಇದ್ದೀನಿ ಕೊಮಾದ್ರೆ!"

"ಎರಡು ವರ್ಷಕ್ಕೆ ನೆನಪಾಯ್ತಾ? ಹತ್ತು ಮೇಲೆ. ಜಾರ್ತದೆ, ನಿಧಾನ. ಅಯ್ಯೋ, ಏನು ದಪ್ಪ ಆಗಿದ್ದೀಯೇ!"

ಹುಡುಗರು ಪೆಟ್ಟಿಗೆ ಎತ್ತಿಕೊಂಡು ಮನೆಗಳ ಕಡೆ ಹೋದರು. ಇಬ್ಬರು ಹೆಂಗಸರು ಜಗುಲಿಯಲ್ಲಿ ಕಾಲು ಚಾಚಿ ಕುಳಿತು ಬಾಳೆಕಾಯಿ ಸುಲಿಯತೊಡಗಿದರು. ಮಗಳ ಮದುವೆ, ಉದುರಿದ ಹಲ್ಲು, ಕಾಣೆಯಾದ ಕೋಳಿ ಎಂದು ಮಾತು ಮುಗಿಯಲಿಲ್ಲ. ಮಧ್ಯಾಹ್ನ ದೋಣಿ ಹೊರಡುವ ಹೊತ್ತಿಗೆ ಮಾರ್ಯೂರಿ ಕರೆಯಲು ಬಂದಳು.

"ನೀವು ಹೋಗ್ರಮ್ಮ. ನಾಳಿದ್ದು ಮರಳಿ ಬರ್ತೀರಲ್ಲ, ಆಗ ಕಳಿಸ್ತೀನಿ ಇವಳನ್ನ," ಎಂದು ರುಫೀನಾಳೇ ಉತ್ತರ ಕೊಟ್ಟು, ಎರಡನೆಯ ಚಾಪೆ ತರಲು ಒಳಗೆ ಹೋದಳು.